ಕಣದಲ್ಲಿ ಬರೆದ ಅಡುಗೆಮನೆ

ಕಾಫಿ ಇನ್ನೂ ಗಿಡದಲ್ಲೇ ಕೆಂಪಾಗುತ್ತಿದೆ, ಕಣ ಖಾಲಿ.
ಪುತ್ತರಿಗೆ ಹದಿನೆಂಟು ದಿನ.
ಉತ್ತಯ್ಯ ಬಚ್ಚಲೊಲೆಯ ಬೂದಿಯನ್ನು ಬಕೆಟ್ಟಿನಲ್ಲಿ ತಂದು
ಗೆರೆ ಎಳೆಯುತ್ತಿದ್ದಾರೆ: ಇದು ಗೋಡೆ, ಇದು ಬಾಗಿಲು,
ಇಲ್ಲಿ ಸಿಂಕು, ಅಲ್ಲಿ ಫ್ರಿಜ್ಜು.
ಕಾಗದದಲ್ಲಿ ಏನು ಬೇಕಾದರೂ ಹಿಡಿಸುತ್ತದೆ,
ನಡೆದು ನೋಡಬೇಕು, ಎನ್ನುತ್ತಾರೆ
ಇಪ್ಪತ್ತಾರು ವರ್ಷ ಪಟಾಲಮ್ಮಿನ ಕುಕ್‌ಹೌಸಿನಲ್ಲಿ
ನಾನೂರು ಜನಕ್ಕೆ ರೊಟ್ಟಿ ಸುಟ್ಟು ಬಂದವರು.

ನನ್ನ ಕೈಯಲ್ಲಿ ಕುಶಾಲನಗರದ ಅಂಗಡಿಯ ಪುಸ್ತಕ.
ಗೋಡೆಯೊಳಗೆ ಹುದುಗಿ ಕೂತ ಓವನ್ನುಗಳು,
ಪ್ರತಿ ಚಿತ್ರದಲ್ಲೂ ಬಿಳಿ ಅಂಗಿಯ ಒಬ್ಬಳು, ಕೈಯಲ್ಲಿ ಕೇಕು,
ಅವಳ ನೆತ್ತಿಯ ಮೇಲೆ ಎಲ್ಲೂ ಬಲ್ಬು ಮಿಣುಕುವುದಿಲ್ಲ.
ಬಾಳೆಲೆಯಲ್ಲಿ ಸಂಜೆ ಏಳಕ್ಕೆ ನೂರ ಎಪ್ಪತ್ತು ವೋಲ್ಟು.
ನೂರ ಎಪ್ಪತ್ತಕ್ಕೆ ಕೇಕು ಉಬ್ಬುತ್ತದಾ ಎಂದು ಕೇಳಿದ್ದೆ.
ಐದು ವರ್ಷ ವಾರಂಟಿ ಮೇಡಂ, ಎಂದ ಅಂಗಡಿಯ ಹುಡುಗ.

ಇರಿಟ್ಟಿಯ ಬಡಗಿ ಸುಗುಣನ್
ಟೇಪನ್ನು ಸರ್ರನೆ ಎಳೆದು ಸರ್ರನೆ ಬಿಟ್ಟ.
ಅರವತ್ತು ಅಗಲ, ಅರವತ್ತು ಎತ್ತರ, ಹಿಂದೆ ಗಾಳಿಗೆ ಐದು.
ಎರಡನ್ನು ಪಕ್ಕ ಪಕ್ಕ ಇಟ್ಟರೆ
ಕಿಟಕಿ ಹೋಗುತ್ತದೆ ಚೇಚಿ.

ಕಿಟಕಿ ಹೋಗುವ ಹಾಗಿಲ್ಲ.
ಆ ಕಿಟಕಿಯಲ್ಲಿ ನಿಂತು ಹತ್ತೊಂಬತ್ತು ಕುಯ್ಲು ಬರೆದಿದ್ದೇನೆ.
ಹೊರಗೆ ತಕ್ಕಡಿ, ಒಳಗೆ ನಾನು, ಒಲೆಯ ಮೇಲೆ ಸಾರು,
ಗೌರು ನಲವತ್ತೆರಡು ಕಿಲೊ, ಸಣ್ಣಿ ಮೂವತ್ತೊಂಬತ್ತೂವರೆ,
ಸೌಟಿನ ಕೈಯಲ್ಲೇ ಪೆನ್ನು.
ಲೆಕ್ಕದ ಪುಸ್ತಕದ ಅಂಚಿಗೆ ಕಾಚಂಪುಳಿಯ ಕಲೆ
ಈಗಲೂ ಇದೆ.

ಹಾಗಾದರೆ ಒಂದರ ಮೇಲೊಂದು, ಎಂದರು ಉತ್ತಯ್ಯ.
ಟೊಮೆಟೊ ಕ್ರೇಟುಗಳನ್ನು ಪೇರಿಸಿದರು.
ಮೇಲಿನದರ ಬಾಗಿಲು ನನ್ನ ಹಣೆಗೆ.
ಬಿಸಿ ಟ್ರೇ ಎಂದುಕೊಂಡು ಮೊರ ತಳ್ಳಿದೆ,
ಒಳಗೆ ಏನಿದೆಯೋ ಕಾಣಲಿಲ್ಲ.
ಅವರಿಗೆ ಕಾಣುತ್ತದೆ, ಕೈ ಏಳುವುದಿಲ್ಲ.
ಎಡ ಭುಜ.
ಎಲ್ಲೋ ಹಿಮದಲ್ಲಿ ಲಾರಿ ಮಗುಚಿದ್ದು;
ಕಾಗದದಲ್ಲಿ ಸಣ್ಣ ಪೆಟ್ಟು ಎಂದು ಬರೆದಿದ್ದರು.
ಮೊರ ಭುಜದ ಮಟ್ಟಕ್ಕೆ ಬಂದು ನಿಂತಿತು.
ಸುಗುಣನ್ ಬೇರೆ ಕಡೆ ತಿರುಗಿ
ಯಾರೂ ಕೇಳದಿದ್ದರೂ
ಬಾವಿಕಟ್ಟೆಯ ಉದ್ದ ಅಳೆಯತೊಡಗಿದ.

ಒಂದೇ ಸಾಕು, ಎಂದೆ. ಎರಡೇಕೆ?
ಒಂದರಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಹಂದಿ.
ಓವನ್ನಿನಲ್ಲಿ ಹಂದಿಯಾ?
ಮೆಲ್ಲಗೆ ಹೇಳಿ, ಊರಿಗೆ ಕೇಳಿಸೀತು.

ಆಮೇಲೆ ಅಡುಗೆ ಶುರುವಾಯಿತು.
ನಾನು ಬೂದಿಯ ಸಿಂಕಿನಿಂದ ಬೂದಿಯ ಒಲೆಗೆ,
ಅವರು ಬೂದಿಯ ಫ್ರಿಜ್ಜಿನಿಂದ ಕ್ರೇಟಿಗೆ,
ಬಿಸಿ ಬಿಸಿ, ದಾರಿ ಬಿಡಿ, ಎಂದು ಪಟಾಲಮ್ಮಿನ ದನಿಯಲ್ಲಿ.
ಮೂರು ಸಲ ಡಿಕ್ಕಿ.
ನಾಲ್ಕನೆಯ ಸಲ ಇಬ್ಬರೂ ನಿಂತುಬಿಟ್ಟೆವು.
ಮದುವೆಯಾಗಿ ಇಪ್ಪತ್ತೆರಡು ವರ್ಷ.
ರಜೆಗೆ ಬಂದಾಗ ಬಡಿಸಿದ್ದೇನೆ,
ಕಡುಂಬುಟ್ಟು ಕಟ್ಟಿ ರೈಲಿಗೆ ಕೊಟ್ಟಿದ್ದೇನೆ,
ಒಂದೇ ಅಡುಗೆಮನೆಯಲ್ಲಿ ಜೊತೆಗೆ ಓಡಾಡಿದ್ದು ಇದೇ ಮೊದಲು,
ಅದೂ ಗೋಡೆಯಿಲ್ಲದ್ದರಲ್ಲಿ.
ನೀವು ಎಡದಿಂದ ಬರುತ್ತೀರಿ ಎಂದು
ನನಗೇನು ಗೊತ್ತು?

ನಡುವಿನ ಹಾದಿ ತೊಂಬತ್ತು ಸಾಲದು, ನೂರಿಪ್ಪತ್ತು,
ಸುಗುಣನ್ ಬರೆದುಕೊಂಡ.
ಓವನ್ನು ಒಂದೇ, ಕಿಟಕಿಯ ಬಲಕ್ಕೆ,
ತಳ ನೆಲದಿಂದ ಎಪ್ಪತ್ತು:
ಅವರ ಮೊಣಕೈಗೆ ಸರಿ, ನನ್ನ ಕಣ್ಣಿಗೂ ಸಿಗುತ್ತದೆ.
ಹಂದಿ ಸದ್ಯ ಪಾತ್ರೆಯಲ್ಲೇ.
ಸ್ಟೆಬಿಲೈಸರ್ ಎಲ್ಲಿಡುವುದು, ಯಾರಿಗೂ ಹೊಳೆದಿಲ್ಲ.

ಮಧ್ಯಾಹ್ನ ನಾಯಿ ಬಂತು,
ಬಾಗಿಲು ಬಿಟ್ಟು ಗೋಡೆಯನ್ನೇ ದಾಟಿ
ಕ್ರೇಟು ತೆಗೆದ ಚೌಕದಲ್ಲಿ ಸುರುಳಿ ಸುತ್ತಿ ಮಲಗಿತು.
ಎಬ್ಬಿಸಬೇಡ, ಎಂದರು,
ಎಲ್ಲಿ ಬೆಚ್ಚಗಿರುತ್ತದೆಂದು ಅದಕ್ಕೆ ಗೊತ್ತು.

ನಾನು ಒಳಗೆ ಹೋಗಿ
ಹಳೆಯ, ಇಕ್ಕಟ್ಟಿನ ಅಡುಗೆಮನೆಯಲ್ಲಿ
ಕಾಫಿಗೆ ನೀರಿಟ್ಟೆ.
ಹಿಂದೆ ಹೆಜ್ಜೆ ಕೇಳಿತು.
ಬಲಕ್ಕೆ ಸರಿದೆ.